ಎದುರುಮನೆಯವಳಿಗೆ ಬರುತ್ತಿದ್ದ ಕೂಗು

ಹೋದ ಭಾನುವಾರ ಚಿಕ್ಕಬಾಣಾವರದ ನಮ್ಮ ಬೀದಿಗೆ ಅವರೆಕಾಯಿಯ ಗಾಡಿ ಬಂದಿತ್ತು. ನಾಲ್ಕು ಕಾಯಿ ಎತ್ತಿ ಮೂಸಿ ನೋಡಿದೆ. ಬೆರಳಿಗೆ ಆ ಜಿಗುಟು ಹತ್ತಿತು, ಮೂಗಿಗೆ ಸೊಗಡು ಬಡಿಯಿತು, ಅದರ ಹಿಂದೆಯೇ ಹಳೆಯ ಹೊಟ್ಟೆಕಿಚ್ಚೂ ಎದ್ದು ಕೂತಿತು. ಇಷ್ಟು ವರ್ಷ ಎಲ್ಲಿ ಮಲಗಿತ್ತೋ ಕಾಣೆ. ಚೀಲ ತುಂಬ ಕಾಯಿ ಕೊಂಡು ಒಳಗೆ ಬಂದವಳು ಸುಲಿಯದೆ ಸುಮ್ಮನೆ ಕೂತುಬಿಟ್ಟೆ. ನನಗೆ ಅಮೃತಹಳ್ಳಿಯ ಎದುರುಮನೆಯವಳು ನೆನಪಾಗಿದ್ದಳು.

ನಾವಿಬ್ಬರೂ ಆ ಬಾಡಿಗೆ ಮನೆಗಳಿಗೆ ಒಂದೇ ದಿನ ಬಂದವರು. ಆಷಾಢ ಕಳೆದು ಶ್ರಾವಣ ಹಿಡಿದಿತ್ತು. ಒಳ್ಳೆಯ ದಿನವೆಂದು ಇಬ್ಬರೂ ಅದೇ ಬೆಳಗ್ಗೆ ಹಾಲು ಉಕ್ಕಿಸಿದೆವು. ನಾನು ಗದಗಿನವಳು, ಅವಳು ಬಳ್ಳಾರಿಯವಳು. ನನ್ನ ಗಂಡನಿಗೆ ಯಶವಂತಪುರದ ಲಾರಿ ಆಫೀಸಿನಲ್ಲಿ ಕೆಲಸ, ಅವಳ ಗಂಡನಿಗೆ ಗ್ರಾನೈಟ್ ಅಂಗಡಿಯಲ್ಲಿ. ಮಹಡಿಯಲ್ಲಿ ಎದುರುಬದುರು ಬಾಗಿಲು, ನಡುವೆ ಮೆಟ್ಟಿಲು. ಕೆಳಗೆ ಮನೆಯ ಒಡತಿ ಅಜ್ಜಿ. ಊರು ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇದ್ದ ಮನೆತನ. ಹೊಲ ಹೋಗಿ ಬಾಡಿಗೆ ಮನೆಗಳು ಎದ್ದಿದ್ದವು, ಅಜ್ಜಿಯ ಗಂಟಲು ಮಾತ್ರ ಹೊಲದ ಆಚೆ ತುದಿಗೆ ಕೇಳುವ ಹಾಗೆಯೇ ಉಳಿದಿತ್ತು.

ಒಂದೇ ದಿನ ಬಂದವರು ಹೆಚ್ಚುಕಡಿಮೆ ಒಟ್ಟಿಗೇ ಒಗ್ಗಬೇಕಲ್ಲ? ಅವಳು ವಾರದೊಳಗೆ ಅಲ್ಲೇ ಹುಟ್ಟಿ ಬೆಳೆದವಳ ಹಾಗೆ ಓಡಾಡತೊಡಗಿದಳು. ಮೂಲೆಯ ಅಂಗಡಿಯವನ ಹತ್ತಿರ ತೆಲುಗು, ಅಜ್ಜಿಯ ಹತ್ತಿರ ಅಜ್ಜಿಯದೇ ಕನ್ನಡ. ನಾನು ‘ಉಳ್ಳಾಗಡ್ಡಿ ಕೊಡ್ರಿ’ ಅಂದರೆ ಅಂಗಡಿಯವನು ಮುಖ ನೋಡುತ್ತಿದ್ದ. ಅವಳ ಬಾಯಲ್ಲಿ ಅದು ಆಗಲೇ ಈರುಳ್ಳಿಯಾಗಿತ್ತು. ಹೂವಿನವಳು ಅವಳಿಗೆ ಅಳೆದ ಮೇಲೆ ಇನ್ನೊಂದು ಗೇಣು ಬಿಟ್ಟು ಕತ್ತರಿಸುತ್ತಿದ್ದಳು. ನನಗೆ ಮೊಳ ಅಂದರೆ ಮೊಳ, ಅದೂ ಆಕೆಯ ಗಿಡ್ಡ ಕೈಯ ಮೊಳ. ಹೆಬ್ಬಾಳಕ್ಕೆ ಹೋದವಳು ನಾನು ಎರಡು ಸಲ ತಪ್ಪು ಬಸ್ಸು ಹತ್ತಿ ಅಳುತ್ತಾ ಬಂದಿದ್ದೆ. ಅವಳು ಕಂಡಕ್ಟರಿಗೇ ದಾರಿ ಹೇಳುವವಳಾಗಿದ್ದಳು.

ಸಾಲದ್ದಕ್ಕೆ ನನ್ನ ಗಂಡನ ಹಾಡು ಬೇರೆ. “ಎದುರಿನ ಮನಿಯಾಕಿನ್ನ ನೋಡು. ಹೆಂಗ ಹೊಂದಿಕೊಂಡಾಳ. ನೀ ಯಾಕ ಯಾವಾಗ್ಲೂ ಮಾರಿ ಗಂಟು ಹಾಕ್ಕೊಂಡು ಕುಂದರ್ತಿ?” ಅನ್ನುತ್ತಿದ್ದರು. ಹಾಗೆ ಅಂದ ಒಂದು ರಾತ್ರಿ ರೊಟ್ಟಿಗಳನ್ನು ನಾನು ಎಷ್ಟು ಜೋರಾಗಿ ಬಡಿದಿರಬೇಕೆಂದರೆ ಅವಳು ಬಾಗಿಲು ತೆರೆದು, “ಅಕ್ಕಾ, ಏನರ ಬಿತ್ತೇನ್ರಿ?” ಎಂದು ಕೇಳಿದಳು. ಅವಳ ಆ ಕಾಳಜಿ ನನ್ನ ಮೈ ಇನ್ನಷ್ಟು ಉರಿಸಿತು. ಕೆಟ್ಟವಳಾಗಿದ್ದರೆ ಆರಾಮಾಗಿ ಬೈದುಕೊಂಡು ಇರುತ್ತಿದ್ದೆ; ಬೈಯಲೂ ದಾರಿ ಬಿಡದ ಹೆಂಗಸು ಅವಳು.

ಚಳಿಗಾಲಕ್ಕೆ ಅವರೆಕಾಯಿ ಬಂತು. ಅಜ್ಜಿ ಹೊಸ ಬಾಡಿಗೆಯವರಿಬ್ಬರಿಗೂ ಒಂದೊಂದು ಮೊರ ಕಾಯಿ ಕಳಿಸಿ, ಸುಲಿದು ತನ್ನಿ, ಎಲ್ಲರೂ ಕೂತು ಹಿತುಕೋಣ ಎಂದು ಹೇಳಿಕಳಿಸಿದರು. ನಾನು ಅಂಥ ಕಾಯಿ ಕಂಡವಳಲ್ಲ. ಮುಟ್ಟಿದರೆ ಅಂಟಂಟು, ಮೂಸಿದರೆ ಎಣ್ಣೆಯಂಥ ವಾಸನೆ. ಯಾವುದೋ ಔಷಧಿ ಹೊಡೆದಿದ್ದಾರೆ ಎಂದುಕೊಂಡು ಬಕೆಟ್ಟಿಗೆ ಸುರಿದು, ಕಲ್ಲುಪ್ಪು ಹಾಕಿ, ತಿಕ್ಕಿ ತಿಕ್ಕಿ ಮೂರು ನೀರಿನಲ್ಲಿ ತೊಳೆದೆ. ಮಧ್ಯಾಹ್ನ ಥಳಥಳ ಹೊಳೆಯುವ ಕಾಯಿಗಳನ್ನು ಮೊರದಲ್ಲಿಟ್ಟುಕೊಂಡು, ಸುಲಿಯುವ ಮುಂಚೆ ತೋರಿಸೋಣವೆಂದು ಹೆಮ್ಮೆಯಿಂದಲೇ ಕೆಳಗಿಳಿದೆ.

ಅಜ್ಜಿ ಒಂದು ಕಾಯಿ ಮೂಸಿದರು, ಇನ್ನೊಂದು ಮೂಸಿದರು. “ಅಯ್ಯೋ ನನ್ ಕಂದ, ಸೊಗಡ್ನೇ ತೊಳ್ದಾಕ್ಬುಟ್ಯಲ್ಲವ್ವಾ. ಸೊಗಡಿಲ್ದಿರೋ ಅವರೇಕಾಯ್ನ ಏನ್ ಮಾಡಾನ, ದನಕ್ ಆಕಾನ?” ಜಗಲಿಯ ಮೇಲೆ ಕೂತಿದ್ದ ಹೆಂಗಸರೆಲ್ಲ ನಕ್ಕರು. ಎದುರುಮನೆಯವಳೂ ನಕ್ಕಳು. ಅವಳ ಕಾಯಿ ಇದ್ದದ್ದು ಇದ್ದ ಹಾಗೇ ಜಿಗುಟಾಗಿತ್ತು. ಅವಳೇನು ಹುಟ್ಟಾ ಬಲ್ಲವಳೇ? ನಾನು ತೊಳೆಯುವಾಗ ತನ್ನ ಬಾಗಿಲಿನಿಂದ ಇಣುಕಿ ನೋಡಿದ್ದಳು, ಅನುಮಾನ ಬಂದು ಕೆಳಗೆ ಹೋಗಿ ಕೇಳಿಕೊಂಡಿದ್ದಳು, ಅಷ್ಟೇ. ಆದರೆ ನನಗೂ ಒಂದು ಮಾತು ಹೇಳಬಹುದಿತ್ತಲ್ಲ...

ಮರುದಿನ ಅಜ್ಜಿ ಕೆಳಗಿನಿಂದ ಕೂಗಿದರು: “ಗದಗಿನವ್ವಾ, ಬಾರವ್ವಾ ಕೆಳಕ್ಕೆ.” ಅವರ ಹಿಂದೆ ಯಾರದೋ ನಗು ಕೇಳಿಸಿತು. ಮತ್ತೆ ಸೊಗಡಿನ ಮಾತೇ ಎಂದುಕೊಂಡು ನಾನು ಬಾಗಿಲು ದಢಾರನೆ ಹಾಕಿಕೊಂಡೆ. ಅದೇ ಕೊನೆ, ಅಜ್ಜಿ ನನ್ನನ್ನು ಕೂಗಿದ್ದು. ಆಮೇಲೆ ಬರುತ್ತಿದ್ದ ಕೂಗೆಲ್ಲ ಎದುರುಮನೆಗೆ. “ಬಳ್ಳಾರೀ... ಬಾರೇ ಕೆಳಕ್ಕೆ.” ನೀರಿನ ಮೋಟಾರು ಹಾಕಿದರೂ ಬಳ್ಳಾರಿ, ಹಪ್ಪಳದ ಹಿಟ್ಟು ಕುಟ್ಟಿದರೂ ಬಳ್ಳಾರಿ, ಊರಮ್ಮನಿಗೆ ತಂಬಿಟ್ಟು ಕಟ್ಟಿದರೂ ಬಳ್ಳಾರಿ. ಗದಗಿನಲ್ಲಿ ದಿನಕ್ಕೆ ಹತ್ತು ಜನ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಇಲ್ಲಿ ನನ್ನನ್ನು ಕೂಗುವವರೇ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ. ಈ ಊರಿನಲ್ಲಿ ಯಾರಾದರೂ ಒಬ್ಬರು ಕೆಳಗೆ ನಿಂತು ನನ್ನನ್ನು ಕೂಗಬೇಕು.

ಕೂಗು ಬಂದಾಗಲೆಲ್ಲ ಅವಳು ನನ್ನ ಬಾಗಿಲು ತಟ್ಟುತ್ತಿದ್ದಳು. “ಅಕ್ಕಾ, ಬರ್ರಿ, ನೀವೂ ಬರ್ರಿ.” ಒಲ್ಲೆ ಅಂದರೂ ಕೈ ಹಿಡಿದು ಎಳೆಯುತ್ತಿದ್ದಳು. ನಾನು ಮುಖ ಊದಿಸಿಕೊಂಡು ಹೋಗಿ ಅವಳ ಪಕ್ಕ ಕೂರುತ್ತಿದ್ದೆ. ನೆನೆಸಿದ ಕಾಳನ್ನು ಎರಡು ಬೆರಳ ನಡುವೆ ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಜಾರಬೇಕು. ಅವಳ ಬೇಳೆ ಪಾತ್ರೆಗೇ ಬೀಳುತ್ತಿತ್ತು. ನನ್ನದು ಗೋಡೆಗೆ ಹಾರುತ್ತಿತ್ತು, ಒಮ್ಮೆ ಅಜ್ಜಿಯ ಮಡಿಲಿಗೂ ಹಾರಿತು. ಕೆಲಸಕ್ಕಿಂತ ಕಷ್ಟವಾಗಿದ್ದದ್ದು ಇನ್ನೊಂದು: ನಾನು ಅಲ್ಲಿಗೆ ಅವಳ ಬಾಲ ಹಿಡಿದು ಬಂದವಳು, ಕರೆಸಿಕೊಂಡು ಬಂದವಳಲ್ಲ.

ಮುಂದಿನ ಆಷಾಢಕ್ಕೆ ಮುಂಚೆಯೇ ಅವಳ ಗಂಡನಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತು. ಸಾಮಾನು ಟೆಂಪೋಗೆ ಏರುವಾಗ ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡರು, ಹೂವಿನವಳು ಬಂದು ಒಂದು ಮಾರು ಮಲ್ಲಿಗೆ ಮುಡಿಸಿದಳು. ನಾನು ಮಾತ್ರ ಸದ್ಯ, ಹೋದಳಲ್ಲ ಎಂದು ಉಸಿರು ಬಿಟ್ಟೆ. ಸುಳ್ಳು ಯಾಕೆ ಹೇಳಲಿ? ಹೊರಡುವ ಮುಂಚೆ ಅವಳು ನನ್ನ ಎರಡೂ ಕೈ ಹಿಡಿದುಕೊಂಡು, “ಅಕ್ಕಾ, ಅಜ್ಜಿ ಕೂಗಿದ್ರ ನೀವು ಹೋಗ್ರಿ ಮತ್ತ,” ಅಂದಳು. ನೀನೇ ಹೋದ ಮೇಲೆ ಆ ಮುದುಕಿ ಯಾರನ್ನು ಕೂಗುತ್ತಾಳೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅಂದುಕೊಂಡಂತೆಯೇ ಆಯಿತು. ಕೂಗೇ ನಿಂತುಹೋಯಿತು. ಮುಂದಿನ ಚಳಿಗಾಲ ನಾನಾಗಿಯೇ ಒಂದು ಮೊರ ಕಾಯಿ ಹಿಡಿದು ಕೆಳಗಿಳಿದೆ. ಅಜ್ಜಿ ಜಾಗ ಮಾಡಿಕೊಟ್ಟರು. ಮಧ್ಯಾಹ್ನಗಳು ಕಳೆದವು, ಬೆರಳು ಕಲಿತವು, ನನ್ನ ಬಾಯಲ್ಲೂ ಉಳ್ಳಾಗಡ್ಡಿ ಈರುಳ್ಳಿಯಾಯಿತು. ಹೂವಿನವಳು ಒಂದು ದಿನ ನನಗೂ ಗೇಣು ಹೆಚ್ಚು ಬಿಟ್ಟಳು. ಎದುರುಮನೆಯವಳು ಕೆಲವು ವರ್ಷ ಹಬ್ಬಕ್ಕೆ ಫೋನ್ ಮಾಡುತ್ತಿದ್ದಳು. ನಾನು ಎರಡೇ ಮಾತಾಡಿ ಇಡುತ್ತಿದ್ದೆ. ಆಮೇಲೆ ನಾವು ಚಿಕ್ಕಬಾಣಾವರಕ್ಕೆ ಬಂದೆವು, ಫೋನು ಬರುವುದೂ ನಿಂತಿತು. ಒಂದು ಯುಗಾದಿಗೆ ನಾನೇ ಮಾಡಿದೆ. ಯಾರೋ ಗಂಡಸು ಎತ್ತಿ ರಾಂಗ್ ನಂಬರ್ ಅಂದ. ಅವಳು ಈಗ ಎಲ್ಲಿದ್ದಾಳೋ, ಹೇಗಿದ್ದಾಳೋ...

ಭಾನುವಾರ ಕೂತಲ್ಲಿ ಕೂರಲಾಗದೆ ನಾಲ್ಕು ಬಿಟ್ಟು ಉಳಿದ ಕಾಯಿಯನ್ನೆಲ್ಲ ಸುಲಿದು ಕಾಳು ನೆನೆಹಾಕಿದೆ. ಮರುದಿನ ಕಾಳು ಬಸಿದು ಡಬ್ಬಿಗೆ ಹಾಕಿಕೊಂಡು, ಆ ನಾಲ್ಕು ಹಸಿ ಕಾಯಿಯನ್ನೂ ಇಟ್ಟುಕೊಂಡು ಅಮೃತಹಳ್ಳಿಗೆ ಹೋದೆ. ಅಜ್ಜಿ ಅದೇ ಜಗಲಿಯಲ್ಲಿದ್ದರು. ಕಣ್ಣು ಪೂರ್ತಿ ಹೋಗಿದೆ, ನೆನಪು ಅರ್ಧ ಹೋಗಿದೆ. ಮೇಲಿನ ಎರಡೂ ಮನೆ ಖಾಲಿ ಇವೆ, ಕಟ್ಟಡ ಕೆಡವುತ್ತಾರಂತೆ ಎಂದು ಅಜ್ಜಿಯ ಸೊಸೆ ಹೇಳಿದಳು.

ಕಾಯಿ ಕೈಗೆ ಕೊಟ್ಟೆ. ಅಜ್ಜಿ ಮೂಸಿದರು, ಮುಖ ಅರಳಿತು. ಇಬ್ಬರೂ ಕಾಳು ಹಿತುಕತೊಡಗಿದೆವು. ಬೇಳೆ ಪಾತ್ರೆಗೆ ಬೀಳುವ ಸದ್ದನ್ನು ಸ್ವಲ್ಪ ಹೊತ್ತು ಕೇಳಿಸಿಕೊಂಡು ಅಜ್ಜಿ ಕೇಳಿದರು, “ಕೈ ಚುರುಕಾಗೈತೆ. ನೀನು ಬಳ್ಳಾರಿಯೋಳಲ್ವಾ?”

ಅಲ್ಲ ಅನ್ನಬೇಕಿತ್ತು. ಆದರೆ ಆಗೆಲ್ಲ ನಾನು ಬಯಸಿದ್ದು ಅವಳಾಗುವುದನ್ನೇ ತಾನೆ? “ಹೂಂ ಅಜ್ಜಿ,” ಅಂದೆ.

“ಆ ಗದಗಿನೋಳು ಎಲ್ಲವ್ವಾ? ಕರ್ಕಂಡ್ ಬರ್ಲಿಲ್ವಾ?” ಅಂದರು ಅಜ್ಜಿ. “ಒಂದ್ ಸಲ ಕೂಗಿದ್ಕೆ ಬಾಗ್ಲು ಆಕ್ಕಂಡ್ಬುಟ್ಲು. ನಕ್ಕಿದ್ಕೆ ನೊಂದ್ಕಂಡಿದ್ಲು, ಪಾಪ. ಅದಕ್ಕೇ ನಾನು ನಿನ್ನ ಕೂಗ್ತಿದ್ದೆ. ನಿನ್ನ ಕೂಗಿದ್ರೆ ನೀನು ಅವಳ್ನೂ ಎಳ್ಕಂಡ್ ಬರ್ತಿದ್ದೆ. ಇಬ್ರೂ ಬಂದಂಗಾಯ್ತಿತ್ತು.”

ಇದು ಎದುರುಮನೆಯವಳಿಗೆ ಗೊತ್ತಿತ್ತು; ಅದಕ್ಕೇ ಹೊರಡುವಾಗ ‘ಅಜ್ಜಿ ಕೂಗಿದ್ರ ನೀವು ಹೋಗ್ರಿ’ ಅಂದಿದ್ದಳು. ಗೊತ್ತಿದ್ದೂ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

“ಓಗು, ಮ್ಯಾಲವಳೆ ಅವಳು. ನೀನೇ ಕೂಗು, ಬತ್ತಾಳೆ,” ಅಂದರು ಅಜ್ಜಿ.

ಎದ್ದು ಮೆಟ್ಟಿಲ ಬುಡಕ್ಕೆ ಹೋದೆ. ಮೇಲೆ ಎರಡು ಬಾಗಿಲು, ಎರಡಕ್ಕೂ ಬೀಗ. ಅಜ್ಜಿಗೆ ಕೇಳಲೆಂದು ನನ್ನನ್ನೇ ಒಮ್ಮೆ ಕೂಗಿಬಿಡೋಣ ಎಂದುಕೊಂಡೆ. ಬಾಯಿ ತೆರೆದರೆ ಬಂದದ್ದು ಬೇರೆಯೇ.

“ಬಳ್ಳಾರೀ...” ಎಂದು ಕೂಗಿದೆ. “ಬಾರೇ ಕೆಳಕ್ಕೆ.”