ಪಡಸಾಲೆಯಲ್ಲಿ ನಡೆದ ಸಂದರ್ಶನ

ನನಗೆ ಜಪಾನಿ ಕಲಿಸಿದ ಗುರುಗಳು ಯಾರೂ ಇಲ್ಲ. ಕಲಿಸಿದ್ದು ಅಂಗೈಗಿಂತ ತುಸು ದೊಡ್ಡದಾದ ಒಂದು ವಿಡಿಯೊ ಗೇಮು. ಪುಣೆಯಲ್ಲಿದ್ದ ಸೋದರಮಾವ ಅದನ್ನು ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡಿದ್ದರು. ಚಾಲೂ ಮಾಡಿ ನೋಡಿದರೆ ಒಳಗಿನದೆಲ್ಲ ಜಪಾನಿಯಲ್ಲಿತ್ತು. ಭಾಷೆ ಬದಲಿಸುವ ದಾರಿ ಇರಲಿಲ್ಲ. ಆ ವರ್ಷ ದೀಪಾವಳಿಗೆ ಲಕ್ಷ್ಮೇಶ್ವರಕ್ಕೆ ಬಂದವರು ಅದನ್ನು ನನ್ನ ಕೈಗಿಟ್ಟು, "ಓದಾಕ ಬಂದ್ರ ನಿಂದು. ಬರಲಿಲ್ಲಂದ್ರ ನಿಮ್ಮವ್ವಗ ಕೊಡು, ಉಪ್ಪಿನಕಾಯಿ ಭರಣಿ ಮ್ಯಾಲ ಹೇರಾಕ ಬರ್ತೈತಿ" ಅಂದರು. ಆಗ ನಾನು ಪಿಯುಸಿ ಎರಡನೆಯ ವರ್ಷದಲ್ಲಿದ್ದೆ.

ಆಟದಲ್ಲಿ ಕಡಲ ದಂಡೆಯ ಒಂದು ಸಣ್ಣ ಊರು. ಅಲ್ಲಿ ಹುಡುಗಿಯೊಬ್ಬಳು ಮನೆಮನೆಗೆ ಟಪಾಲು ಹಂಚಬೇಕು. ಯಾರ ಪತ್ರ ಯಾರಿಗೆ ಎಂದು ಓದಲು ಬಾರದಿದ್ದರೆ ಆಟ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ನಾನು ಮಧ್ಯಾಹ್ನ ಅವ್ವ ಮಲಗಿದಾಗ ಒಂದೊಂದೇ ಅಕ್ಷರವನ್ನು ಫೋನಿನ ನಿಘಂಟಿನಲ್ಲಿ ಬೆರಳಿನಿಂದ ಗೀಚಿ ಅರ್ಥ ಹುಡುಕುತ್ತಿದ್ದೆ. ಹೋದ ವರ್ಷಗಳ ಕ್ಯಾಲೆಂಡರುಗಳನ್ನು ಅವ್ವ ಡಬ್ಬಿಗಳ ಕೆಳಗೆ ಹಾಸಲು ಎತ್ತಿಡುತ್ತಿದ್ದಳು. ಅವುಗಳಲ್ಲಿ ತಾರೀಖಿನ ಮನೆಗೊಂದರಂತೆ ಅಕ್ಷರ ಬರೆದೆ. ಅಮಾವಾಸ್ಯೆಯ ಕಪ್ಪು ಚುಕ್ಕೆಯ ಪಕ್ಕದಲ್ಲಿ 'ಬಂದರು', ಏಕಾದಶಿಯ ಮೇಲೆ 'ಉಪ್ಪು'. ಹಾಗೆ ನಾಲ್ಕು ಕ್ಯಾಲೆಂಡರು ತುಂಬಿದವು.

ಆ ಊರಿನಲ್ಲಿ ನನಗೆ ಹಿಡಿಸಿದ್ದು ಕಡಲಲ್ಲ. ಅಲ್ಲಿನ ಜನ ಒಂದು ಮಾತು ಹೇಳಿ ಸುಮ್ಮನೆ ನಿಲ್ಲುತ್ತಿದ್ದರು. ನಾನು ಗುಂಡಿ ಒತ್ತುವವರೆಗೆ ಎರಡನೆಯ ಮಾತು ಆಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ನಾನು ಉತ್ತರ ಯೋಚಿಸುವಷ್ಟರಲ್ಲಿ ಇನ್ನೊಬ್ಬರು ಅದನ್ನು ಕೊಟ್ಟಾಗಿರುತ್ತಿತ್ತು.

ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದುವಾಗ ಧ್ವನಿಯಿದ್ದ ಆಟಗಳು ಸಿಕ್ಕವು. ರಜೆಯಲ್ಲಿ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತ ಆ ಮಾತುಗಳನ್ನು ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಂಡೆ. ಕೆಳಗಿನಿಂದ ಅವ್ವ ಕೇಳುತ್ತಿದ್ದಳು: "ಮನಷ್ಯಾರ ಜೋಡಿ ಬಾಯಿ ಬಿಡಾಂಗಿಲ್ಲ, ಮೆಣಸಿನಕಾಯಿ ಜೋಡಿ ಏನ್ ಹರಟಿ ಹಚ್ಚೀಯವಾ?"

ಓದು ಮುಗಿದ ಮೇಲೆ ಮನೆಗೆ ಮರಳಿದೆ. ಜಪಾನಿ ಆಟಗಳನ್ನು ಇಂಗ್ಲಿಷಿಗೆ ತರುವ ಕಂಪನಿಯೊಂದು ಅನುವಾದ ತಿದ್ದುವವರನ್ನು ಹುಡುಕುತ್ತಿತ್ತು. ಮನೆಯಿಂದಲೇ ಮಾಡುವ ಕೆಲಸ. ಲಿಖಿತ ಪರೀಕ್ಷೆಯಲ್ಲಿ ಪಾಸಾದೆ. ವಿಡಿಯೊ ಸಂದರ್ಶನ ಒಂದು ಉಳಿದಿತ್ತು. ಆ ಹೊತ್ತಿಗೆ ಮುಂಡರಗಿಯಲ್ಲಿ ಕಾಳಿನ ವ್ಯಾಪಾರ ಮಾಡುವ ಕಾಕಾ ನನಗೆ ಸಂಬಂಧ ಹುಡುಕಲು ಶುರು ಮಾಡಿದ್ದರು. ಒಂದು ಮನೆಯವರು ಬಂದು ನೋಡಿಕೊಂಡೂ ಹೋಗಿದ್ದರು. ನಾನು ಅಪ್ಪನ ಮುಂದೆ ನಿಂತು ಒಂದು ವರ್ಷದ ಸಮಯ ಕೇಳಿದೆ. ಅಪ್ಪ, "ಆತು. ಈ ನೌಕರಿ ಸಿಕ್ಕರ ಒಂದ್ ವರ್ಷ ಯಾರನ್ನೂ ಕರಸೂದಿಲ್ಲ. ಸಿಗಲಿಲ್ಲಂದ್ರ ಕಾಕಾ ತಂದ ಸಂಬಂಧ ನೋಡೂನು" ಅಂದರು. ಅಪ್ಪ ಮಾತಿಗೆ ತಪ್ಪುವವರಲ್ಲ. ಎರಡೂ ಕಡೆಗೆ ತಪ್ಪುವವರಲ್ಲ.

ಫೋನಿನ ಸಿಗ್ನಲ್ ನಮ್ಮ ಮನೆಯಲ್ಲಿ ಸರಿಯಾಗಿ ಸಿಗುವುದು ಪಡಸಾಲೆಯ ಕಿಟಕಿಯ ಹತ್ತಿರ ಮಾತ್ರ. ಸಂದರ್ಶನದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಅಡುಗೆಮನೆಯಿಂದ ಶಿರಾದ ವಾಸನೆ ಬರುತ್ತಿತ್ತು. ಅವ್ವ ನನ್ನ ಸಲುವಾಗಿ ಮಾಡುತ್ತಿದ್ದಾಳೆ ಎಂದುಕೊಂಡೆ.

ಪರದೆಯ ಮೇಲೆ ಬಂದವರು ಅವ್ವನ ವಯಸ್ಸಿನ ಒಬ್ಬ ಜಪಾನಿ ಮಹಿಳೆ. ಭಾಷೆ ಎಲ್ಲಿ ಕಲಿತಿರಿ ಎಂದು ಕೇಳಿದರು. ಆರು ವರ್ಷ ನಿಮ್ಮ ಕಡಲ ದಂಡೆಯ ಊರೊಂದರಲ್ಲಿ ಟಪಾಲು ಹಂಚಿದೆ, ಒಂದು ಪತ್ರವನ್ನೂ ತಪ್ಪು ಮನೆಗೆ ಕೊಟ್ಟಿಲ್ಲ ಎಂದೆ. ಅವರು ನಕ್ಕರು. ನಾನು ಹೇಳಿದ ಮಾತಿಗೆ ಒಬ್ಬರು ಹಾಗೆ ನಕ್ಕಿದ್ದು ನನಗೆ ಹೊಸದು. ಹತ್ತು ನಿಮಿಷ ನಾನು ಬೇರೆ ಯಾರೋ ಆಗಿದ್ದೆ.

ಆಗ ಹೊರಗೆ ಜೀಪು ನಿಂತ ಸದ್ದಾಯಿತು. ಚಪ್ಪಲಿ ಬಿಡುವ ಸಪ್ಪಳ, ಹಿಂದೆಯೇ ಕಾಕಾನ ಪಿಸುಮಾತು: "ಬರ್ರಿ, ಕುಂಡ್ರಿ. ಗದ್ದಲ ಮಾಡಬ್ಯಾಡ್ರಿ, ಜಪಾನದವ್ರ ಜೋಡಿ ಮಾತಾಡಾಕತ್ಯಾಳ."

ಪರದೆಯ ಮೂಲೆಯಲ್ಲಿದ್ದ ನನ್ನ ಚಿತ್ರದ ಹಿಂದೆ ಜಮಖಾನದ ಮೇಲೆ ಆರು ಜನ ಸಾಲಾಗಿ ಕುಳಿತರು. ಜರಿ ಸೀರೆಯ ಹೆಂಗಸು ಕಾಕಾನನ್ನು ಕೇಳಿದಳು, "ಆಕಿ ಆಡೂದು ಖರೇನ ಜಪಾನದ ಮಾತೇನ್ರಿ?"

"ಮತ್ತ ಶಿರಹಟ್ಟಿದು ಅಂತ ತಿಳಕೊಂಡ್ರೇನು?"

ಅವರಲ್ಲಿ ಹಿರಿಯರೊಬ್ಬರು ಎದ್ದು ಬಂದು ನನ್ನ ಹೆಗಲ ಹಿಂದಿನಿಂದ ಬಗ್ಗಿ ಲ್ಯಾಪ್‌ಟಾಪಿಗೆ ಕೈ ಮುಗಿದರು. "ನಮಸ್ಕಾರ್ರಿ. ಚಹಾ ಆತೇನ್ರಿ?" ಆ ಮಹಿಳೆಯೂ ತಲೆ ಬಾಗಿಸಿದರು. ಬಳಿಕ, ಇವರೆಲ್ಲ ಯಾರು ಎಂದು ನನ್ನನ್ನು ಕೇಳಿದರು.

ಸಂಬಂಧಿಕರು ಎನ್ನಬಹುದಿತ್ತು. ಆ ಪದ ನನಗೆ ಮೊದಲ ಕ್ಯಾಲೆಂಡರಿನಿಂದಲೇ ಗೊತ್ತು. ಆದರೆ ಹೆಣ್ಣು ನೋಡುವುದಕ್ಕೆ ಅವರಲ್ಲೂ ಒಂದು ಪದವಿದೆ, 'ಓಮಿಆಯಿ'. ಆಟದ ಮೀನಂಗಡಿಯವನ ಮಗಳಿಗೆ ಬಂದ ಪತ್ರವೊಂದರಲ್ಲಿ ಅದನ್ನು ಕಲಿತಿದ್ದೆ. ಗೊತ್ತಿರುವ ಸರಿಯಾದ ಪದವನ್ನು ಬಿಟ್ಟು ಇನ್ನೊಂದನ್ನು ಬಳಸುವ ರೂಢಿ ನನಗಿಲ್ಲ. ಅದನ್ನೇ ಹೇಳಿದೆ.

ಅವರ ಮುಖದಲ್ಲಿ ಉಳಿದಿದ್ದ ನಗು ಮೆಲ್ಲಗೆ ಹೋಯಿತು. ಸಿಟ್ಟೇನೂ ಇರಲಿಲ್ಲ. ಕನಿಷ್ಠ ಎರಡು ವರ್ಷ ಈ ಕೆಲಸದಲ್ಲಿ ಇರುತ್ತೇನೆ ಎಂದು ಹೇಳಬಲ್ಲಿರಾ ಎಂದು ಕೇಳಿ ಸುಮ್ಮನಾದರು. ನಿಜಕ್ಕೂ ಕಾದರು, ನನ್ನ ಆಟದ ಊರಿನವರ ಹಾಗೆ. ಅಪ್ಪ ಕೊಟ್ಟಿದ್ದು ಒಂದು ವರ್ಷ, ಇವರು ಕೇಳುತ್ತಿದ್ದುದು ಎರಡು. ಪ್ರಶ್ನೆ ಏನೆಂದು ಗೊತ್ತಿಲ್ಲದ ಕಾಕಾ ಹಿಂದಿನಿಂದ ಪಿಸುಗುಟ್ಟಿದರು: "ಹಾಂ ಅನ್ನವಾ, ಹಾಂ ಅನ್ನು."

ಆ ದಿನ ನನಗೆ ಸರಿಯಾದ ಉತ್ತರ ಹೇಳಿಕೊಟ್ಟವರು ಅವರೊಬ್ಬರೇ. ನಾನು, ಈಗ ಹೇಳಲಾರೆ ಎಂದೆ. ಆ ಮಹಿಳೆ, ಮನೆಗೆ ಬಂದವರನ್ನು ನೋಡಿಕೊಳ್ಳಿ, ಮುಂದಿನದನ್ನು ಪತ್ರದಲ್ಲಿ ತಿಳಿಸುತ್ತೇವೆ ಎಂದು ತಲೆ ಬಾಗಿಸಿದರು. ಪರದೆ ಕಪ್ಪಾಯಿತು. ಅವ್ವ ಶಿರಾ, ಚಹಾ ತಂದಳು. ಅವಳಿಗೆ ಮೊದಲೇ ಗೊತ್ತಿತ್ತು. ಅಪ್ಪ ಅಂಗಡಿಯಿಂದ ಬಂದು, ಪಡಸಾಲೆ ತುಂಬಿದ್ದನ್ನು ಬಾಗಿಲಲ್ಲೇ ನಿಂತು ನೋಡಿದರು. ಅವರಿಗೆ ಗೊತ್ತಿರಲಿಲ್ಲ. ಆದರೂ ಬಂದವರ ಜೊತೆ ಕುಳಿತು ಚಹಾ ಕುಡಿದರು.

ಎಲ್ಲರೂ ಹೋದ ಮೇಲೆ ಕಾಕಾನನ್ನು ಕೇಳಿದೆ, "ಇವತ್ತ ಯಾಕ ಕರಕೊಂಡ ಬಂದ್ರಿ?"

"ಸಿಟ್ಟ ಮಾಡ್ಕೊಬ್ಯಾಡ. ನೀ ಹಾಡು ಅಂದ್ರ ಹಾಡಾಕಿ ಅಲ್ಲ, ಕೇಳಿದ್ದಕ್ಕ ನೆಟ್ಟಗ ಹೇಳಾಕಿ ಅಲ್ಲ. ಹೋದ ಸಲ ಬಂದವ್ರು ದಾರ್‍ಯಾಗ ನನ್ನ ಕೇಳಿದ್ರು, ಹುಡಿಗಿ ಮೂಕಿ ಏನ್ರಿ ಅಂತ. ಇವತ್ತ ನೀ ಮಾತಾಡೂ ದಿನ ಇತ್ತು. ಕಣ್ಣಾರೆ ನೋಡ್ಲಿ ಅಂತ ಕರಕೊಂಡ ಬಂದೆ."

ಅವರ ದನಿಯಲ್ಲಿ ಹೆಮ್ಮೆ ಇತ್ತು. ದ್ವೇಷವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಂದು ನೋಡಲು ಬಂದಿದ್ದ ಮುಂಡರಗಿಯವರ ಒಪ್ಪಿಗೆ ಎರಡು ದಿನಕ್ಕೆ ಬಂತು. ಹುಡುಗಿ ಒಮ್ಮೆಯೂ ತೊದಲಲಿಲ್ಲ ಎಂದರಂತೆ. ಕಂಪನಿಯ ಪತ್ರ ಬಂದದ್ದು ಎಂಟನೆಯ ದಿನ. ಅಪ್ಪ, ಅವ್ವ, ಕಾಕಾ ಸುತ್ತ ನಿಂತಿದ್ದರು, ಓದಬಲ್ಲವಳು ನಾನೊಬ್ಬಳೇ. ಪತ್ರ ಸಣ್ಣದು. ಈ ಸಲ ನಿಮ್ಮನ್ನು ತೆಗೆದುಕೊಳ್ಳಲಾಗುತ್ತಿಲ್ಲ ಎಂದಿತ್ತು. ಇಂಥ ಪತ್ರಗಳನ್ನು ಜಪಾನಿನವರು ಯಾವಾಗಲೂ ಮುಗಿಸುವ ವಾಕ್ಯ ಕೊನೆಗಿತ್ತು.

"ಏನ್ ಬರದಾರ?" ಅವ್ವ ಕೇಳಿದಳು.

"ನೌಕರಿ ಇಲ್ಲಂತ."

"ಮತ್ತ ಇದೇನು ಕೆಳಗ, ಇನ್ನೂ ಐತಲ್ಲ?"

"ಮುಂದ ನನಗ ಛಲೋ ಆಗ್ಲಿ ಅಂತ ಪ್ರಾರ್ಥನಾ ಮಾಡ್ತಾರಂತ."

ಅವ್ವ ಕಣ್ಣು ಮುಚ್ಚಿ ಕೈ ಮುಗಿದಳು. "ಇಲ್ಲ ಅಂದ್ರೂ ಎಷ್ಟ ಮರ್ಯಾದಿಲೆ ಅಂದಾರ ನೋಡು. ಛಲೋ ಮಂದಿ." ಅಪ್ಪ ಪಂಚಾಂಗ ತೆಗೆದುಕೊಳ್ಳಲು ಒಳಗೆ ಹೋದರು.

ಈಗ ಮುಂಡರಗಿಯಲ್ಲಿದ್ದೇನೆ. ಗಂಡನ ಮನೆಯವರು ಕೆಟ್ಟವರಲ್ಲ. ನನ್ನನ್ನು ಯಾರೂ ಬೈದಿಲ್ಲ. ಆಟದ ಯಂತ್ರ ಲಕ್ಷ್ಮೇಶ್ವರದ ಕಪಾಟಿನಲ್ಲಿದೆ. ಹೋದ ಸಲ ತೆಗೆದು ನೋಡಿದಾಗ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದಿತ್ತು. ಕ್ಯಾಲೆಂಡರುಗಳು ಎಲ್ಲಿ ಹೋದವೆಂದು ನಾನು ಕೇಳಿಲ್ಲ. ಡಬ್ಬಿಗಳ ಕೆಳಗೆ ಇರಬೇಕು.

ಮನೆಗೆ ಬೀಗರು ಬಂದಾಗ ಅತ್ತೆ ನನ್ನನ್ನು ಪಡಸಾಲೆಗೆ ಕರೆಯುತ್ತಾರೆ. "ನಮ್ಮ ಸೊಸಿಗೆ ಜಪಾನದ ಮಾತು ಬರ್ತೈತ್ರಿ. ಹೇಳವಾ, ಒಂದೀಟು ಹೇಳು." ನಾನು ಸೆರಗು ಸರಿಪಡಿಸಿಕೊಂಡು ನಿಂತು ಒಂದು ವಾಕ್ಯ ಹೇಳುತ್ತೇನೆ. ಪ್ರತಿ ಸಲವೂ ಅದೇ ವಾಕ್ಯ, ಕಂಪನಿಯ ಆ ಪತ್ರದ ಕೊನೆಯದು. ತೊದಲುವುದಿಲ್ಲ. ಎಲ್ಲರೂ ತಲೆದೂಗುತ್ತಾರೆ. ಅರ್ಥವೇನೆಂದು ಈವರೆಗೆ ಯಾರೂ ಕೇಳಿಲ್ಲ. ನಾನು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತೇನೆ.