ಹಾಡಿನ ಅರ್ಥ ಬಿಡಿಸುವ ಗೌಸಿಯಾಬೇಗಂ

ಅಫಜಲಪುರದ ಆ ಓಣಿಯಲ್ಲಿ ಹಿಂದಿ ಹಾಡಿನ ಅರ್ಥ ತಿಳಿಯದಿದ್ದರೆ ಹೆಂಗಸರು ಓಡಿ ಬರುತ್ತಿದ್ದುದು ದರ್ಜಿ ಗೌಸಿಯಾಬೇಗಂಳ ಹತ್ತಿರ. ಆಕೆ ಮಷೀನು ನಿಲ್ಲಿಸಿ, ಕಣ್ಣು ಮುಚ್ಚಿ ಹಾಡು ಕೇಳಿ, ಅದರಲ್ಲಿ ನಾಲ್ಕು ಮಾತಿದ್ದರೆ ನಲವತ್ತು ಮಾತಿನ ಅರ್ಥ ಹೇಳುತ್ತಿದ್ದಳು. ಹಾಡಿದವನಿಗೆ ಯಾವಳು ಕೈಕೊಟ್ಟಳು, ಅವಳ ಅಪ್ಪ ಎಂಥ ಕಟುಕ, ಒಂದೂ ಬಿಡುತ್ತಿರಲಿಲ್ಲ. ಕೊನೆಗೆ ತೀರ್ಪು: "ಹೊಟ್ಟ್ಯಾಗ ಉರಿ ಇಲ್ಲದವ್ರು ದುಃಖದ ಹಾಡು ಹಚ್ಚಂಗಿಲ್ಲ ಬೇ."

ಆ ಮಾತೇ ಒಂದು ದಿನ ಆಕೆಯ ಕೊರಳಿಗೆ ಸುತ್ತಿಕೊಂಡಿತು. ನೆರೆಮನೆಯ ಶಿವಕಾಂತಾ ರವಿಕೆಯ ಅಳತೆ ಕೊಡುತ್ತ ಅಂದಳು: "ನಿಮ್ಮ ಮನಿಯವ್ರ ಕ್ರೂಸರ್ ಗಾಡ್ಯಾಗ ಗಾಣಗಾಪುರಕ್ಕ ಹೋಗಿದ್ದೆರಿ. ಹೋಗೂಮುಂದೂ ಒಂದೇ ಅಳೂ ಹಾಡು, ಬರೂಮುಂದೂ ಅದೇ. ಪಾಪ, ಅವರನ್ನ ಯಾರು ಬಿಟ್ಟು ಹೋಗ್ಯಾರ್ರಿ?"

ಗೌಸಿಯಾಬೇಗಂ ಶಿವಕಾಂತಾಳ ತೋಳಿಗೆ ಮೂವತ್ತು ಇಂಚು ಎಂದು ಬರೆದುಕೊಂಡಳು.

ಹದಿನೆಂಟು ವರ್ಷ ಜೊತೆಗೆ ಬಾಳಿದ ಗಂಡ ಜಮೀರ ಮನೆಯಲ್ಲಿ ಒಂದು ಹಾಡು ಗುನುಗಿದವನಲ್ಲ. ಮಾತೂ ಅಷ್ಟೇ, ಊಟಕ್ಕೆ ಎರಡು, ನೀರಿಗೆ ಒಂದು. ಅಂಥ ಮುಚ್ಚಿದ ಬಾಯಿಯವನ ಎದೆಯಲ್ಲಿ ಯಾರು ಕೂತಿದ್ದಾಳೆ? ತಿಳಿಯುವವರೆಗೆ ಆಕೆಗೆ ತುತ್ತು ಇಳಿಯುವಂತಿರಲಿಲ್ಲ. ಗುರುವಾರ ಗಾಣಗಾಪುರಕ್ಕೆ ಹೊರಟ ದತ್ತನ ಭಕ್ತರ ಗದ್ದಲದಲ್ಲಿ ಬುರ್ಖಾ ಹಾಕಿಕೊಂಡು ಗಂಡನ ಕ್ರೂಸರಿನ ಕೊನೆಯ ಸೀಟು ಹಿಡಿದಳು. ಜಮೀರ ತಲೆ ಎಣಿಸಿದ, ಮುಖ ನೋಡಲಿಲ್ಲ.

ಹಾಡು ಶುರುವಾಯಿತು. ನದಿ ದಾಟಿ ಹೋದವಳೊಬ್ಬಳು ಬರುತ್ತಾಳೋ ಇಲ್ಲವೋ ಎಂದು ಒಬ್ಬ ದಂಡೆಯಲ್ಲಿ ಕೂತಿದ್ದಾನೆ. ಗೌಸಿಯಾಬೇಗಂ ಅರ್ಥ ಬಿಡಿಸತೊಡಗಿದಳು. ನದಿ ಅಂದರೆ ಭೀಮೆ. ದಂಡೆ ಅಂದರೆ ಮಣ್ಣೂರ. ಮಣ್ಣೂರದಲ್ಲಿ ಯಾರು? ಜಮೀರನಿಗೆಂದು ತನಗಿಂತ ಮೊದಲು ನೋಡಿದ್ದ ಹೆಣ್ಣು ಕೈನಾತ! ಹಾಡಿನವಳಿಗೆ ಉದ್ದ ಜಡೆ, ಕೈನಾತಳಿಗೂ ಉದ್ದ ಜಡೆ. ಹಾಡಿನವಳು ಬಳ್ಳಿಯಂತೆ ತೆಳ್ಳಗೆ. ಕೈನಾತ ಈಗ ತೆಳ್ಳಗಿಲ್ಲ, ಇರಲಿ, ಆಗ ಇದ್ದಳಲ್ಲ! ಅನುಮಾನಕ್ಕೆ ಸಾಕ್ಷಿ ಹುಡುಕುವುದು ಕಷ್ಟದ ಕೆಲಸವೇನಲ್ಲ.

ಹಾಡು ನಾಲ್ಕನೆಯ ಸಲ ಬಂದಾಗ ಆಕೆ ಗಟ್ಟಿಯಾಗಿಯೇ ಅತ್ತುಬಿಟ್ಟಳು. ಪಕ್ಕದ ಮುದುಕ ನೀರಿನ ಬಾಟಲಿ ಕೊಟ್ಟು, "ಅಳಬ್ಯಾಡ ತಂಗಿ, ದತ್ತ ಮಹಾರಾಜ ಅದಾನ" ಎಂದು ಸಮಾಧಾನ ಮಾಡಿದ. ಕ್ರೂಸರ್ ಗಕ್ಕನೆ ನಿಂತಿತು. ಮುಖ ಕಾಣದಿದ್ದರೇನು, ಹೆಂಡತಿಯ ಅಳು ಜಮೀರನಿಗೆ ಗುರುತಿತ್ತು.

"ಗೌಸಿಯಾ? ನೀ ಇಲ್ಲಿ ಏನ್ ಮಾಡಾಕತ್ತಿ?"

"ಬಿಟ್ಟು ಹೋದಾಕಿ ಯಾರು, ಮೊದಲು ಅದು ಹೇಳ್ರಿ!"

ಹನ್ನೆರಡು ಜನ ಪ್ರಯಾಣಿಕರು ತಿರುಗಿ ಕೂತರು. ದರ್ಶನಕ್ಕೆ ತಡವಾಯಿತೆಂದು ಒಬ್ಬರೂ ಅನ್ನಲಿಲ್ಲ.

ಜಮೀರ ಸ್ಟೇರಿಂಗ್ ನೋಡುತ್ತಲೇ ಹೇಳಿದ: "ಆಪರೇಶನ್ ಆಗಿ ನೀ ಕಲಬುರಗಿ ದವಾಖಾನ್ಯಾಗ ಒಂಬತ್ತು ದಿನ ಇದ್ದಿ. ಆವಾಗ ಹಚ್ಚಿದ್ದು ಈ ಹಾಡು. ತೆಗಿಯಾಕ ಕೈ ಬರಲಿಲ್ಲ."

"ನಾ ಮನಿಗಿ ಬಂದು ಮೂರು ವರ್ಷ ಆತಲ್ರಿ!"

"ಹೌದು. ಅಂಜಿಕಿ ಇನ್ನಾ ಹೋಗಿಲ್ಲ."

ಊರ ಹಾಡಿಗೆಲ್ಲ ಅರ್ಥ ಹೇಳಿದವಳಿಗೆ ಈ ಹಾಡಿನ ಅರ್ಥ ಗಂಡನೇ ಹೇಳಬೇಕಾಯಿತು. ನಾಚಿಕೆಯಾಯಿತು, ಸಂತೋಷವೂ ಆಯಿತು, ಎರಡೂ ಹೊಟ್ಟೆತುಂಬ. ಇಳಿದು ಹೋಗಿ, ಮುಂದಿನ ಸೀಟಿನವನನ್ನು ಎಬ್ಬಿಸಿ, ಗಂಡನ ಪಕ್ಕ ಕೂತಳು.

"ಇಲ್ಲೇ ಅದೀನಿ. ಇನ್ನ ಬ್ಯಾರೆ ಹಾಡು ಹಚ್ರಿ."