ಎಡ ಅಂದರೆ ಬಲ

ಮೇಲಿನ ಮನೆಯ ಅಕ್ಕನ ಬಲಗೈ ಮಣಿಕಟ್ಟಿನ ಹೊರ ಅಂಚಿನಲ್ಲಿ, ಕಿರುಬೆರಳಿನ ನೇರಕ್ಕೆ, ಹುಣಸೆಬೀಜದಷ್ಟು ಜಾಗದಲ್ಲಿ ಚರ್ಮ ಕಪ್ಪಾಗಿ ಗಟ್ಟಿಯಾಗಿತ್ತು. ದೆಹಲಿಯ ಆರ್.ಕೆ.ಪುರಂನ ನಮ್ಮ ಸರಕಾರಿ ಕ್ವಾರ್ಟರ್ಸಿನ ಹೆಂಗಸರಿಗೆ ಅದರ ಬಗ್ಗೆ ಖಚಿತ ಅಭಿಪ್ರಾಯವಿತ್ತು. "ಪಾಪ, ತಾಯಿ ಮೈಸೂರಲ್ಲಿ ಅಜ್ಜೀನ ನೋಡ್ಕೊಂಡಿದಾರೆ. ಇಲ್ಲಿ ಅಡುಗೆ, ಪಾತ್ರೆ, ಬಟ್ಟೆ ಎಲ್ಲಾ ಇವಳ ತಲೆ ಮೇಲೆ. ಕೈ ಏನಾಗಿದೆ ನೋಡಿ!" ಎನ್ನುತ್ತಿದ್ದರು. ಅಕ್ಕ ತಲೆ ತಗ್ಗಿಸಿ ಆ ಮರುಕವನ್ನು ಸ್ವೀಕರಿಸುತ್ತಿದ್ದರು, ಕೆಲವೊಮ್ಮೆ ಅದರ ಜೊತೆಗೆ ಬಂದ ಒಂದು ಡಬ್ಬಿ ಬಿಸಿಬೇಳೆಬಾತನ್ನೂ. ವಾಸ್ತವದಲ್ಲಿ ಪಾತ್ರೆ ಉಜ್ಜುತ್ತಿದ್ದವರು ಅವರ ತಂದೆ. ಆ ಕಲೆ ಬಂದದ್ದು ಕಂಪ್ಯೂಟರಿನ ಮೌಸ್ ಹಿಡಿದು, ಮಣಿಕಟ್ಟನ್ನು ಮೇಜಿಗೆ ಒತ್ತಿ, ವರ್ಷಗಟ್ಟಲೆ ಗುಂಡು ಹಾರಿಸುವ ಆಟ ಆಡಿದ್ದರಿಂದ.

ಅವರು ನನಗಿಂತ ನಾಲ್ಕೈದು ವರ್ಷ ದೊಡ್ಡವರು. ನಾನು ಆಗ ಕಾಲೇಜಿನ ಮೊದಲ ವರ್ಷದಲ್ಲಿ ಚರ್ಚಾಸ್ಪರ್ಧೆಯ ತಂಡ ಸೇರಿದ್ದೆ. ರುಜುವಾತು ಕೊಡದೆ ಯಾರಾದರೂ "ಇವತ್ತು ಬಿಸಿಲು ಜಾಸ್ತಿ" ಎಂದರೂ ಬಿಡುತ್ತಿರಲಿಲ್ಲ. ಅದಕ್ಕೇ ಅವರು ನನಗೆ 'ಲಾಯರಮ್ಮ' ಎಂದು ಹೆಸರಿಟ್ಟಿದ್ದರು. ಕಂಪ್ಯೂಟರ್ ಆಟಗಳು ಯುವಜನರ ಬುದ್ಧಿ ಕೆಡಿಸುತ್ತವೆ ಎಂಬ ವಿಷಯದ ಪರವಾಗಿ ನಾನು ಮಾತಾಡಬೇಕಿದ್ದ ವಾರ, ಕೆಟ್ಟ ಬುದ್ಧಿಯ ಒಂದು ಮಾದರಿಯನ್ನು ಪರೀಕ್ಷಿಸೋಣ ಎಂದು ಮಹಡಿ ಹತ್ತಿ ಹೋದೆ. ನನ್ನ ವಾದವನ್ನೆಲ್ಲ ಕೇಳಿ ಅವರು ಕುರ್ಚಿ ಬಿಟ್ಟು ಎದ್ದರು.

"ಬಾ, ಕೂತ್ಕೋ. ಮೊದಲು ಸಾಯಿ, ಆಮೇಲೆ ವಿರೋಧಿಸು."

ಕೂತೆ. ಸತ್ತೆ. ಮತ್ತೆ ಸತ್ತೆ. ಯಾರು ಕೊಂದರು ಎನ್ನುವುದೂ ಗೊತ್ತಾಗಲಿಲ್ಲ. ನಾನು ಮುಖ ಊದಿಸಿಕೊಂಡಿದ್ದನ್ನು ನೋಡಿ, "ಹೋಗ್ಲಿ ಬಿಡು, ಗುಂಡು ಸರಕಾರದ್ದು" ಎಂದರು. ಅದು ಅವರ ಖಾಯಂ ಮಾತು. ತಂಡದ ಹುಡುಗರಲ್ಲಿ ಯಾರು ಎಷ್ಟು ಕೆಟ್ಟದಾಗಿ ಗುರಿ ತಪ್ಪಿದರೂ ಅಷ್ಟೇ ಹೇಳುತ್ತಿದ್ದರು. ಆಡಲು ಕೂರುವ ಮುನ್ನ ಬಳೆ ತೆಗೆದು ಮಾನಿಟರಿನ ಮೂಲೆಗೆ ಸಿಕ್ಕಿಸುವರು, ಅಂಗೈಗೆ ಪೌಡರ್ ಹಚ್ಚಿಕೊಳ್ಳುವರು. ಆಟ ಎಷ್ಟೇ ಬಿಸಿಯಾದರೂ ಅವರ ದನಿ ಏರಿದ್ದನ್ನು ನಾನು ಕೇಳಿಲ್ಲ. ಹಾಲಿನವನಿಗೆ ನಾಳೆ ಅರ್ಧ ಲೀಟರ್ ಸಾಕು ಎಂದು ಹೇಳುವ ದನಿಯಲ್ಲೇ "ಮೇಲಿಂದ ಇಬ್ಬರು ಬರ್ತಿದಾರೆ" ಎನ್ನುವರು.

ಅವರ ತಂಡದಲ್ಲಿ ಉಳಿದ ನಾಲ್ವರೂ ನಮ್ಮ ಕ್ವಾರ್ಟರ್ಸಿನ ಕನ್ನಡದ ಹುಡುಗರು. ಸೆಕ್ಟರ್ ಮಾರ್ಕೆಟ್ಟಿನ ಸೈಬರ್ ಕೆಫೆಯಲ್ಲಿ ಅಭ್ಯಾಸ. ಆಟದ ನಿಯಮ ಸರಳ: ಐವರು ಬಾಂಬ್ ಇಡಬೇಕು, ಎದುರಿನ ಐವರು ತಡೆಯಬೇಕು. ಹದಿನೈದು ಸುತ್ತಿನ ನಂತರ ಇಟ್ಟವರು ತಡೆಯುವವರಾಗುತ್ತಾರೆ, ತಡೆದವರು ಇಡುವವರು. ಮೊದಲು ಹದಿನಾರು ಸುತ್ತು ಗೆದ್ದವರಿಗೆ ಆಟ. ಒಂದೇ ವಿಷಯದ ಎರಡೂ ಕಡೆ ಮಾತಾಡಬೇಕಾದ ನನಗೆ ಈ ಅದಲುಬದಲು ಮಾತ್ರ ಹಿಡಿಸಿತು.

ಆಗಿನ ದೆಹಲಿಯ ಟೂರ್ನಮೆಂಟುಗಳಲ್ಲಿ ಸದ್ದು ದಾಟದ ಗಾಜಿನ ಕೋಣೆ ಇತ್ಯಾದಿ ವೈಭವ ಇರಲಿಲ್ಲ. ಎರಡು ತಂಡಗಳು ಒಂದೇ ಹಜಾರದಲ್ಲಿ, ಬೆನ್ನಿಗೆ ಬೆನ್ನು ಹಾಕಿ ಕೂತು ಕಿರುಚಾಡುತ್ತಿದ್ದವು. ನಾವು ಹಿಂದಿಯಲ್ಲಿ ಕಿರುಚಿದರೆ ಎದುರಾಳಿಗೂ ತಿಳಿಯುತ್ತದೆ. ಆದ್ದರಿಂದ ಕನ್ನಡದಲ್ಲಿ ಆಡೋಣ ಎಂದು ಅಕ್ಕ ನಿರ್ಧರಿಸಿದರು. ಕಷ್ಟವೇನೆಂದರೆ, ದೆಹಲಿಯಲ್ಲೇ ಹುಟ್ಟಿದ ಆ ಹುಡುಗರಿಗೆ ಅಮ್ಮ ಬೈದರೆ ಅರ್ಥವಾಗುವಷ್ಟು ಕನ್ನಡ ಬರುತ್ತಿತ್ತು, ತಿರುಗಿ ಬೈಯುವಷ್ಟು ಬರುತ್ತಿರಲಿಲ್ಲ. ಅವರಲ್ಲಿ ಚಿಕ್ಕವನು ಎಡಚ. 'ಬಲಗೈಯಲ್ಲಿ ತಿನ್ನು' ಎಂದು ಅಜ್ಜಿ ಹೇಳಿ ಹೇಳಿ, ತಾನು ತಿನ್ನುವ ಕೈಯೇ ಬಲ ಎಂದು ಅವನು ತೀರ್ಮಾನಿಸಿದ್ದ. ತಂಡದಲ್ಲಿ ಅವನದೇ ಗುರಿ ಚೆನ್ನಾಗಿತ್ತು, ಗಂಟಲೂ ದೊಡ್ಡದಿತ್ತು. ಹೀಗಾಗಿ ಉಳಿದ ಮೂವರೂ ಎಡಕ್ಕೆ ಬಲ, ಬಲಕ್ಕೆ ಎಡ ಎನ್ನತೊಡಗಿದರು. ಅಕ್ಕ ಕೆಲವು ದಿನ ತಿದ್ದಿ ನೋಡಿದರು. ಆಮೇಲೆ ತಾವೇ ಹಾಗೆ ಹೇಳತೊಡಗಿದರು.

"ಅಕ್ಕ, ಇದು ತಪ್ಪು" ಎಂದೆ.

"ಒಬ್ಬ ಮಾಡಿದ್ರೆ ತಪ್ಪು. ಐದು ಜನ ಒಂದೇ ಥರ ಮಾಡಿದ್ರೆ ಅದು ಭಾಷೆ."

"ಬಹುಮತ ಇದೆ ಅಂತ ಸುಳ್ಳು ನಿಜ ಆಗಲ್ಲ."

"ಅಚ್ಛಾ? ನೀನು ಬಲಕ್ಕೆ ಹೋಗು, ನಾವು ಐದು ಜನ ಎಡಕ್ಕೆ ಹೋಗ್ತೀವಿ. ಯಾರು ಬದುಕ್ತಾರೆ ನೋಡೋಣ."

ಆ ವರ್ಷ ನೋಯಿಡಾದ ಒಂದು ಮಾಲಿನ ನೆಲಮಾಳಿಗೆಯಲ್ಲಿ ದೊಡ್ಡ ಟೂರ್ನಮೆಂಟು ನಡೆಯಿತು. ಮೊದಲ ಎರಡು ತಂಡಗಳಿಗೆ ಕೆಲವು ತಿಂಗಳ ನಂತರದ ರಾಷ್ಟ್ರಮಟ್ಟದ ಫೈನಲ್ಲಿಗೆ ಪ್ರವೇಶ. ಅಕ್ಕನಿಗೆ ಆ ಪ್ರವೇಶದ ಮೇಲೆ ಇನ್ನೊಂದು ವಿಷಯ ನಿಂತಿತ್ತು. ಅವರ ತಂದೆ ಒಂದು ಕೇಂದ್ರ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್; ಆ ತಿಂಗಳ ಕೊನೆಗೆ ನಿವೃತ್ತಿ. ನಿವೃತ್ತಿಯೆಂದರೆ ಕ್ವಾರ್ಟರ್ಸ್ ಖಾಲಿ, ಸಾಮಾನೆಲ್ಲ ಲಾರಿಗೆ, ಮನೆಯವರೆಲ್ಲ ಮೈಸೂರಿಗೆ. ಅಕ್ಕನಿಗೆ ದೆಹಲಿ ಬಿಡುವ ಮನಸ್ಸಿರಲಿಲ್ಲ. ತಂದೆ ಫೈಲಿನ ಮೇಲೆ ಟಿಪ್ಪಣಿ ಬರೆಯುವ ಹಾಗೆ ಷರತ್ತು ಹಾಕಿದ್ದರು: ಗೆದ್ದು ಮುಂದೆ ಹೋದರೆ ಇಲ್ಲೇ ಕಿದ್ವಾಯಿ ನಗರದ ಚಿಕ್ಕಮ್ಮನ ಮನೆಯಲ್ಲಿದ್ದು ಆಡಬಹುದು, ಇಲ್ಲವಾದರೆ ತಮ್ಮ ಜೊತೆ ಹೊರಡಬೇಕು. ಅಕ್ಕ ಒಪ್ಪಿದ್ದರು.

ಪಂದ್ಯಾವಳಿಯ ಕ್ರಮ ಕೇಳಿ ನನಗೆ ತಕರಾರು ಹುಟ್ಟಿತು. ಒಮ್ಮೆ ಸೋತ ತಂಡ ಹೊರಗೆ ಹೋಗುವುದಿಲ್ಲ, ಕೆಳಗಿನ ಸಾಲಿಗೆ ಇಳಿಯುತ್ತದೆ. ಅಲ್ಲಿ ಸೋತವರ ಜೊತೆ ಸೋತವರು ಆಡುತ್ತ, ಕೊನೆಯವರೆಗೂ ಗೆಲ್ಲುತ್ತ ಹೋದರೆ ಮೇಲಿನ ಸಾಲಿನ ವಿಜೇತರನ್ನು ಫೈನಲ್ಲಿನಲ್ಲಿ ಎದುರಿಸಬಹುದು. ಎರಡನೇ ಸಲ ಸೋತರೆ ಮಾತ್ರ ಮನೆಗೆ.

"ಇದು ಮೊದಲೇ ಗೆದ್ದವರಿಗೆ ಅನ್ಯಾಯ. ಸೋತವರನ್ನ ಮತ್ತೆ ಯಾಕೆ ಎದುರಿಸಬೇಕು ಅವರು?" ಎಂದೆ.

"ಒಂದು ಸೋಲಿಗೆ ಏನು ಬೇಕಾದ್ರೂ ಕಾರಣ ಇರಬಹುದು ಕಣೇ. ಮೌಸ್ ಕೆಟ್ಟಿರಬಹುದು, ಹೊಟ್ಟೆ ಕೆಟ್ಟಿರಬಹುದು. ಎರಡನೇ ಸಲ ಸೋತ್ರೆ ಕಾರಣ ನಾವೇ."

ನಾನು ಒಪ್ಪಲಿಲ್ಲ. ಆದರೂ ತಂಡದ ಜೊತೆ ಹೋದೆ. ನಿಯಮದ ಜಗಳ ಬಂದರೆ ನೋಡಿಕೊಳ್ಳಲು ಒಬ್ಬಳು ಬಾಯಿಬಡುಕಿ ಬೇಕು ಎಂದು ಅಕ್ಕನೇ ಕರೆದಿದ್ದರು.

ಶನಿವಾರ ಮೊದಲ ಪಂದ್ಯದಲ್ಲೇ ಸೋತು ಕೆಳಗಿಳಿದೆವು. ನೆಲಮಾಳಿಗೆಯ ತುಂಬ ಹುಡುಗರು. ಅಕ್ಕ ದಾಟುವಾಗ ಒಬ್ಬ, "ದೀದಿ, ಕುಕಿಂಗ್ ಕಾಂಪಿಟೀಶನ್ ಮೇಲಿನ ಫ್ಲೋರಲ್ಲಿ" ಎಂದು ಹಿಂದಿಯಲ್ಲಿ ಕಿಚಾಯಿಸಿದ. "ಗೊತ್ತು ಭಯ್ಯಾ, ಅಲ್ಲಿ ಗೆದ್ದೇ ಬಂದೆ" ಎಂದು ಅಕ್ಕ ಮುಂದೆ ನಡೆದರು. ಆಮೇಲೆ ಕೆಳಗಿನ ಸಾಲಿನಲ್ಲಿ ಒಂದಾದ ಮೇಲೊಂದು ಗೆದ್ದೆವು. ಕುಕಿಂಗ್ ಎಂದವನ ತಂಡವೂ ಅದರಲ್ಲಿ ಹೋಯಿತು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ನಾವು ಆ ಸಾಲಿನ ಕೊನೆಯ ಪಂದ್ಯದಲ್ಲಿದ್ದೆವು. ಎದುರಿಗೆ ನೋಯಿಡಾದ್ದೇ ಒಂದು ಗಟ್ಟಿ ತಂಡ. ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಮೂರು ಆಟಗಳಲ್ಲಿ ಒಂದೊಂದು ಗೆದ್ದು ಸಮ ಆಗಿತ್ತು. ಉಳಿದದ್ದು ಒಂದೇ.

ಆಗ ಅಕ್ಕನ ತಂದೆ ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮಗಳು ಆಡುವುದನ್ನು ಮೊದಲ ಬಾರಿಗೆ ನೋಡಲು. ನನ್ನ ಪಕ್ಕ ನಿಂತು, ಪ್ರೇಕ್ಷಕರಿಗಾಗಿ ಇಟ್ಟಿದ್ದ ದೊಡ್ಡ ಪರದೆಯನ್ನು ದಿಟ್ಟಿಸಿದರು.

"ಇದರಲ್ಲಿ ನಮ್ಮೋಳು ಯಾರಮ್ಮ?"

"ನಾವು ಅಕ್ಕನ ಕಣ್ಣಿಂದ ನೋಡ್ತಿದೀವಿ ಅಂಕಲ್. ಕಾಣೋದು ಬಂದೂಕು ಮಾತ್ರ."

"ಅಂದ್ರೆ ಅವಳು ಕಾಣೋದೇ ಇಲ್ವಾ?" ಎಂದು ಅವರು ಪರದೆ ಬಿಟ್ಟು ಮಗಳ ಬೆನ್ನನ್ನೇ ನೋಡುತ್ತ ನಿಂತರು.

ಅಷ್ಟರಲ್ಲಿ ಎದುರಾಳಿ ತಂಡದ ಹಿಂದೆ ಒಬ್ಬ ಹೊಸಬ ಬಂದು ನಿಂತ. ಪ್ರೇಕ್ಷಕರ ನಡುವಿನಿಂದ ಹುಡುಕಿ ತಂದಿದ್ದರು. ಅಲ್ಲೇ ಯಾವುದೋ ಸಾಫ್ಟ್‌ವೇರ್ ಆಫೀಸಿನಲ್ಲಿ ಕೆಲಸ ಮಾಡುವ ಧಾರವಾಡದ ಕಡೆಯವನು. ನಮ್ಮ ಹುಡುಗ "ಎಡಕ್ಕೆ, ಎಡಕ್ಕೆ!" ಎಂದು ಕೂಗಿದ ಕೂಡಲೇ ಅವನು ಬಗ್ಗಿ ಅದನ್ನೇ ಹಿಂದಿಗೆ ತಿರುಗಿಸಿ "ಬಾಯೇ, ಬಾಯೇ" ಎಂದ. ಎದುರಾಳಿಗಳು ಎಡಗಡೆ ಕಾದು ಕೂತರು. ನಮ್ಮವರು ಬಲಗಡೆಯಿಂದ ನುಗ್ಗಿದರು. ಮುಂದಿನ ಸುತ್ತಿನಲ್ಲೂ ಹಾಗೇ. ಅದರ ಮುಂದಿನದರಲ್ಲೂ. ಅವರ ಕ್ಯಾಪ್ಟನ್ ಹೆಡ್‌ಫೋನ್ ಕಿತ್ತು ತಿರುಗಿದ.

"ಭಾಯಿ, ತೂ ಕಿಸ್ ಕೀ ಟೀಮ್ ಮೇ ಹೈ?"

ಧಾರವಾಡದವನು ತಾನು ಯಾರ ತಂಡದವನು ಎಂದು ಅವನಿಗೆ ಉತ್ತರಿಸದೆ, ನೊಂದ ಮುಖದಿಂದ ನಮ್ಮ ಕಡೆ ತಿರುಗಿದ. "ಏನ್ರೀ ಇದು ಕನ್ನಡಾ? ಎಡಕ್ಕ ಅಂದು ಬಲಕ್ಕ ಹೋಗ್ತೀರಲ್ರೀ! ಮಾನ ಕಳದ್ರಿ!"

ಹದಿನೈದು ಸುತ್ತು ಮುಗಿದಾಗ ನಾವು ಒಂಬತ್ತು, ಅವರು ಆರು. ಕಡೆ ಬದಲಾಯಿಸುವ ಬಿಡುವಿನಲ್ಲಿ ಅವರ ಕ್ಯಾಪ್ಟನ್ ನಮ್ಮ ಭಾಷೆಯ ಬಗ್ಗೆ ರೆಫರಿಯ ಹತ್ತಿರ ದೂರು ಒಯ್ದ. ನನ್ನ ಗಳಿಗೆ ಬಂತು. ತಂಡದಲ್ಲಿ ಹೆಸರಿಲ್ಲದವನನ್ನು ಹಿಂದೆ ನಿಲ್ಲಿಸಿಕೊಂಡವರು ನೀವು, ದೂರುವವರೂ ನೀವಾ ಎಂದೆ. ರೆಫರಿ ಧಾರವಾಡದವನನ್ನು ಆಚೆ ಕಳಿಸಿದ. ಆದರೆ ಆ ಕ್ಯಾಪ್ಟನ್ ಅಷ್ಟಕ್ಕೆ ಬಿಡಲಿಲ್ಲ. ದೊಡ್ಡ ಪರದೆಯ ಮೂಲೆಯ ನಕ್ಷೆಯಲ್ಲಿ ನಮ್ಮೆಲ್ಲರ ಜಾಗವೂ ಕಾಣುತ್ತದೆ, ಎಂದ. ಇವರ ಪೈಕಿ ಯಾರಾದರೂ ಪ್ರೇಕ್ಷಕರ ನಡುವೆ ನಿಂತು ಇವರ ಭಾಷೆಯಲ್ಲಿ ಅದನ್ನು ಕೂಗಿ ಹೇಳಿದರೆ, ಸರ್, ನಿಮಗೆ ಗೊತ್ತಾಗುತ್ತದೆಯೇ? ನಾವು ಹಿಂದಿಯಲ್ಲಿ ಮೋಸ ಮಾಡಿದರೆ ನೀವು ಹಿಡಿಯಬಲ್ಲಿರಿ. ಇವರನ್ನು ಹೇಗೆ ಹಿಡಿಯುತ್ತೀರಿ?

ಒಳ್ಳೆಯ ವಾದ. ಅದು ಒಳ್ಳೆಯ ವಾದ ಎಂದು ಕೇಳಿದ ಕ್ಷಣವೇ ನನಗೆ ಗೊತ್ತಾಯಿತು. ಅದಕ್ಕೇ ಎರಡು ಪಟ್ಟು ಜೋರಾಗಿ ವಿರೋಧಿಸಿದೆ. ನಿಯಮಾವಳಿಯಲ್ಲಿ ಭಾಷೆಯ ಮಾತೇ ಇಲ್ಲ. ಮೋಸ ಆಗಬಹುದು ಎನ್ನುವುದು ಮೋಸ ಆಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ರೆಫರಿ ತಲೆಯಾಡಿಸಿದ. "ಮೇಡಮ್ ಕೀ ಬಾತ್ ಸಹೀ ಹೈ." ನಾನು ಗೆದ್ದಿದ್ದೆ.

ಅಕ್ಕ ಎದ್ದು ಬಂದರು. ಏನು ಗಲಾಟೆ ಎಂದು ಆ ಕ್ಯಾಪ್ಟನ್ನನ್ನೇ ಕೇಳಿದರು. ಅವನು ಮತ್ತೊಮ್ಮೆ ಹೇಳಿದ. ಪೂರ್ತಿ ಕೇಳಿ, ಹಾಲಿನವನ ಹತ್ತಿರ ಮಾತಾಡುವ ಅದೇ ದನಿಯಲ್ಲಿ, "ಇವನು ಹೇಳೋದು ಸರಿ. ನಾವು ಹಿಂದಿಯಲ್ಲಿ ಆಡ್ತೀವಿ" ಎಂದು ರೆಫರಿಗೆ ಹಿಂದಿಯಲ್ಲೇ ಹೇಳಿದರು.

"ಅಕ್ಕ, ನಾನು ಗೆದ್ದಾಗಿದೆ!"

"ನೀನು ಗೆದ್ದೆ. ಸರಿ ಇರೋದು ಅವನದು."

ಅಷ್ಟು ಹೇಳಿ ಹೋಗಿ ಕೂತರು. ಅಂಗೈಗೆ ಪೌಡರ್ ಹಚ್ಚಿಕೊಂಡರು.

ಎರಡನೇ ಅರ್ಧದಲ್ಲಿ ನಮ್ಮ ಹುಡುಗರು ಪ್ರತಿ ಮಾತನ್ನೂ ಪಿಸುಗುಟ್ಟಿದರು. ಪಿಸುಗುಟ್ಟಿದ್ದು ನಮ್ಮವರಿಗೇ ಕೇಳಿಸಲಿಲ್ಲ. ಕೂಗಿದರೆ ಎಲ್ಲರಿಗೂ ಕೇಳಿಸಿತು. ಒಂಬತ್ತಿದ್ದದ್ದು ತೆವಳುತ್ತ ಹದಿನಾಲ್ಕಾಯಿತು. ಅವರು ಹದಿನೈದಕ್ಕೆ ಬಂದರು. ಕೊನೆಗೆ ಅಕ್ಕ ಒಬ್ಬರೇ, ಎದುರಿಗೆ ಇಬ್ಬರು. ಒಬ್ಬನನ್ನು ಹೊಡೆದರು. ಇನ್ನೊಬ್ಬ ಇವರನ್ನು ಹೊಡೆದ.

"ಮುಗೀತಾ?" ಎಂದು ಅಂಕಲ್ ಕೇಳಿದರು.

"ಮುಗೀತು ಅಂಕಲ್."

ಎಡಚ ಹುಡುಗ ಕೀಬೋರ್ಡಿನ ಮೇಲೆ ತಲೆಯಿಟ್ಟಿದ್ದ. ಅಕ್ಕ ಅವನ ಬೆನ್ನು ತಟ್ಟಿ, ಎದುರಿನ ಐವರಿಗೂ ಕೈ ಕೊಟ್ಟು ಬಂದರು. ಮಾಲಿನ ಮೆಟ್ಟಿಲ ಮೇಲೆ ಅಂಕಲ್ ಗಂಟಲು ಸರಿಮಾಡಿಕೊಂಡರು.

"ನೋಡಮ್ಮ, ಆ ಷರತ್ತನ್ನ ಅಷ್ಟು ಬಿಗಿಯಾಗಿ ತಗೋಬೇಕಾಗಿಲ್ಲ. ಒಂದು ಸ್ಪೆಷಲ್ ಕೇಸ್ ಅಂತ... ಇರೋದಾದ್ರೆ ಇರು."

ಅಕ್ಕ ತಂದೆಯ ತೋಳು ಹಿಡಿದುಕೊಂಡರು. "ಬೇಡಪ್ಪ. ಎರಡು ಸಲ ಸೋತವರು ಮನೆಗೆ. ಒಪ್ಪಿಕೊಂಡೇ ಆಡಿದ್ದಲ್ವಾ?"

ವಾಪಸು ಬಸ್ಸಿನಲ್ಲಿ ಅಂಕಲ್ ಮುಂದಿನ ಸೀಟಿನಲ್ಲಿ ನಿದ್ದೆ ಹೋದರು. ನಾನು ಅಕ್ಕನ ಪಕ್ಕ ಕೂತು ಶುರು ಮಾಡಿದೆ. ಷರತ್ತು ಹಾಕಿದವರೇ ಅದನ್ನು ಹಿಂತೆಗೆದುಕೊಂಡ ಮೇಲೆ ಷರತ್ತು ಇಲ್ಲ. ಟೂರ್ನಮೆಂಟಿನ ನಿಯಮ ಬದುಕಿಗೆ ಅನ್ವಯಿಸುವುದಿಲ್ಲ. ಮೈಸೂರಿನಲ್ಲಿ ಇಂಥ ತಂಡ ಸಿಗುವುದಿಲ್ಲ. ಈ ಹುಡುಗರ ಗತಿಯೇನು? ಯಮುನೆಯ ಸೇತುವೆ ದಾಟಿತು, ರಿಂಗ್ ರೋಡ್ ಬಂತು, ನಾನು ನಿಲ್ಲಿಸಲಿಲ್ಲ. ಅವರು ಕಿಟಕಿಯ ಕಡೆ ತಿರುಗದೆ, ಒಂದೊಂದನ್ನೂ ನನ್ನ ಮುಖ ನೋಡುತ್ತ ಕೇಳಿದರು. ಮೋತಿ ಬಾಗ್ ಹತ್ತಿರ ಬಂದಾಗ ಕೇಳಿದರು: "ಮುಗೀತಾ, ಲಾಯರಮ್ಮ?"

"ಇನ್ನೊಂದಿದೆ."

"ಹೇಳು."

ಬಾಯಿ ತೆರೆದೆ. ಪಾಯಿಂಟ್ ಯಾವುದೂ ಉಳಿದಿರಲಿಲ್ಲ.

"ಅಕ್ಕ, ನೀವು ಹೋಗಬೇಡಿ."

ಅವರು ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. "ಇದನ್ನ ನೋಯಿಡಾದಲ್ಲೇ ಹೇಳಬಾರದಿತ್ತೇನೇ? ಇಷ್ಟೊಂದು ಪಾಯಿಂಟ್ ಯಾಕೆ ಖರ್ಚು ಮಾಡಿದೆ?"

"ಹೇಳಿದ್ರೆ ಇರ್ತಿದ್ರಾ?"

"ಇಲ್ಲ. ಆದ್ರೆ ದಾರಿ ಪೂರ್ತಿ ಇಬ್ರೂ ಸೇರಿ ಅಳಬಹುದಿತ್ತು."

ಆ ತಿಂಗಳ ಕೊನೆಗೆ ಅವರು ಹೋದರು. ಈಗ ಮೈಸೂರಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಅವರು ಎದುರಾಳಿಯ ಮಾತನ್ನು ಒಪ್ಪಿದ್ದು ಸರಿಯೇ ಎಂಬ ಬಗ್ಗೆ ನನಗೆ ಈಗಲೂ ಅನುಮಾನವಿದೆ. ನಿಯಮ ನಮ್ಮ ಪರವಾಗಿತ್ತು, ಫೋನಿನಲ್ಲಿ ಮಾತಾಡಿದಾಗಲೆಲ್ಲ ಹೇಳುತ್ತೇನೆ, ಅವರು ನಗುತ್ತಾರೆ. ಬಸ್ಸಿನಲ್ಲಿ ಅವರು ಹೇಳಿದ ಮಾತಿನ ಬಗ್ಗೆ ಮಾತ್ರ ನನಗೆ ತಕರಾರಿಲ್ಲ. ಕಳೆದ ವರ್ಷ ನನ್ನ ಅಪ್ಪ ಆಸ್ಪತ್ರೆಯಲ್ಲಿ ಆಪರೇಷನ್ ಬೇಡವೇ ಬೇಡ ಎಂದು ಹಟ ಹಿಡಿದರು. ಅವರನ್ನು ಒಪ್ಪಿಸಲು ನಾನು ಓದಿಕೊಂಡು, ಡಾಕ್ಟರರನ್ನು ವಿಚಾರಿಸಿ, ಒಳ್ಳೊಳ್ಳೆಯ ವಾದಗಳನ್ನು ಸಿದ್ಧ ಮಾಡಿಕೊಂಡು ಹೋಗಿದ್ದೆ. ಬಾಗಿಲಲ್ಲಿ ನಿಂತು ಅವರ ಮುಖ ನೋಡಿದ ಮೇಲೆ ಅವನ್ನೆಲ್ಲ ಬಿಟ್ಟು, ಹಾಸಿಗೆಯ ಅಂಚಿನಲ್ಲಿ ಕೂತು, "ಅಪ್ಪ, ನನಗೆ ಭಯ ಆಗ್ತಿದೆ" ಎಂದೆ.

ಅಪ್ಪ ಎದ್ದು ಕೂತು ಕನ್ನಡಕಕ್ಕೆ ಕೈ ಚಾಚಿದರು. ಆಮೇಲೆ, ಸಹಿ ಎಲ್ಲಿ ಹಾಕಬೇಕು ಎಂದು ಕೇಳಿದರು.